ಚಿಗಟದ ಜಠರ ಮತ್ತು ಮುಂಬಯಿಯ ಪ್ಲೇಗ್

ಪ್ರಾಣಿಪ್ರಪಂಚದ ಬಹುಪಾಲು ಬೆನ್ನೆಲುಬಿಲ್ಲದ ಜೀವಿಗಳಿಂದ ಕೂಡಿದೆ. ಎರೆಹುಳು, ಗೆದ್ದಲು, ಸೊಳ್ಳೆ, ಚಿಗಟ, ಏಡಿ, ಬಸವನಹುಳು, ಕಡಲ ಸೌತೆ ಮೊದಲಾದವೆಲ್ಲ ಈ ಗುಂಪಿಗೆ ಸೇರುತ್ತವೆ. ಇವುಗಳನ್ನು ಅಕಶೇರುಕಗಳೆಂದು ಕರೆಯುತ್ತಾರೆ. ಆಕಾರದಲ್ಲಿ ಇವು ಎಷ್ಟೇ ಭಿನ್ನವಾಗಿದ್ದರೂ ಒಂದು ಸಂಗತಿ ಇವುಗಳಿಗೆಲ್ಲ ಸಮಾನವಾಗಿದೆ. ಇವುಗಳ ಜಠರದಲ್ಲಿ ಹಾಗೂ ಕರುಳಿನಲ್ಲಿ ಕಣ್ಣಿಗೆ ಕಾಣದ ಅಸಂಖ್ಯ ಬ್ಯಾಕ್ಟೀರಿಯಗಳು ವಾಸವಾಗಿವೆ. ಈ ಸೂಕ್ಷ್ಮ ನಿವಾಸಿಗಳಲ್ಲಿ ಕೆಲವು ಆಶ್ರಯದಾತನಿಗೆ ಉಪಕಾರ ಮಾಡುತ್ತವೆ. ಕೆಲವು ಬಂದುಹೋಗುವ ಅತಿಥಿಗಳು. ಮತ್ತೆ ಕೆಲವು ಆಶ್ರಯದಾತನನ್ನೇ ಕೊಲ್ಲುತ್ತವೆ. ಇಂತಹ ಒಂದು ಪುಟ್ಟ ಜಠರದಲ್ಲಿ ನಡೆಯುವ ಘಟನೆಯು ಮಹಾನಗರವೊಂದರ ಬದುಕನ್ನೇ ಅಲುಗಾಡಿಸಬಲ್ಲದು ಎಂಬುದಕ್ಕೆ ಮುಂಬಯಿಯ ಇತಿಹಾಸವೇ ಸಾಕ್ಷಿ. 1896ರಲ್ಲಿ ಆ ನಗರಕ್ಕೆ ಕಾಲಿಟ್ಟ ಪ್ಲೇಗ್ ಮಹಾಮಾರಿಯ ಮರ್ಮವು ಇಲಿಯ ಮೈಮೇಲಿನ ಚಿಗಟದ ಜಠರದಲ್ಲಿ ಅಡಗಿತ್ತು. ಅದನ್ನು ಅರಿಯಲು ವಿಜ್ಞಾನಿಗಳಿಗೆ ಹದಿನೆಂಟು ವರ್ಷಗಳು ಬೇಕಾದವು.

ಉಪಕಾರಿ ನಿವಾಸಿಗಳು

ಮೊದಲಿಗೆ ಉಪಕಾರಿ ಬ್ಯಾಕ್ಟೀರಿಯಗಳ ಒಂದೆರಡು ಉದಾಹರಣೆಗಳನ್ನು ಗಮನಿಸಬಹುದು. ಕಡಲ ಸೌತೆಯು ನಕ್ಷತ್ರಮೀನಿನ ಬಳಗಕ್ಕೆ ಸೇರಿದ ಪ್ರಾಣಿ. ಉದ್ದನೆಯ ದುಂಡು ಮೈಯಿಂದಾಗಿ ಅದಕ್ಕೆ ಈ ಹೆಸರು ಬಂದಿದೆ. ನಮ್ಮ ದೇಶದಲ್ಲಿ ಮನ್ನಾರ್ ಕೊಲ್ಲಿ, ಪಾಕ್ ಕೊಲ್ಲಿ, ಲಕ್ಷದ್ವೀಪ ಮತ್ತು ಅಂಡಮಾನ್ ಸಮುದ್ರಗಳಲ್ಲಿ ಇದು ವಿಶೇಷವಾಗಿ ಕಂಡುಬರುತ್ತದೆ. ಇದರ ಹಲವು ಪ್ರಭೇದಗಳು ಕಡಲ ತಳದ ಮರಳನ್ನು ನುಂಗಿ, ಅದರಲ್ಲಿರುವ ಕೊಳೆತ ಪದಾರ್ಥ, ಸೂಕ್ಷ್ಮ ಪಾಚಿ ಹಾಗೂ ಬ್ಯಾಕ್ಟೀರಿಯಗಳನ್ನು ಜೀರ್ಣಿಸಿಕೊಂಡು, ಉಳಿದ ಮರಳನ್ನು ಹೊರಹಾಕುತ್ತವೆ. ಹೊಲದಲ್ಲಿ ಎರೆಹುಳು ಮಾಡುವ ಕೆಲಸವನ್ನೇ ಕಡಲ ತಳದಲ್ಲಿ ಇವು ಮಾಡುತ್ತವೆ. ಆಸ್ಟ್ರೇಲಿಯದ ಹೆರಾನ್ ದ್ವೀಪದ ಹವಳ ದಿಬ್ಬವೊಂದರಲ್ಲೇ ಕಡಲ ಸೌತೆಗಳು ವರ್ಷಕ್ಕೆ ಸುಮಾರು 64,000 ಟನ್ ಮರಳನ್ನು ಹೀಗೆ ಹೊರಹಾಕುತ್ತವೆಂದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ.

ಕಡಲ ಸೌತೆಯ ಕರುಳಿನಲ್ಲಿರುವ ಬ್ಯಾಕ್ಟೀರಿಯಗಳ ಸಮುದಾಯವು ಅದು ನುಂಗಿದ ಮರಳಿನಲ್ಲಿರುವ ಸಮುದಾಯದಂತೆಯೇ ಇರುವುದಿಲ್ಲ. ಕರುಳಿನ ಆರಂಭದಿಂದ ಕೊನೆಯವರೆಗೆ ಅದು ಬದಲಾಗುತ್ತ ಹೋಗುತ್ತದೆ. ಎಂದರೆ ಕರುಳು ಬರಿಯ ಕೊಳವೆಯಲ್ಲ. ಯಾವ ಬ್ಯಾಕ್ಟೀರಿಯ ನಿಲ್ಲಬೇಕು, ಯಾವುದು ಆಹಾರವಾಗಬೇಕು ಎಂಬುದನ್ನು ನಿರ್ಧರಿಸುವ ನೆಲೆ. ಶತ್ರುವು ಮೇಲೆರಗಿದಾಗ ಹಲವು ಕಡಲ ಸೌತೆಗಳು ತಮ್ಮ ಕರುಳನ್ನೇ ಹೊರಚೆಲ್ಲಿ ಪಾರಾಗುತ್ತವೆ. ಕೆಲವು ವಾರಗಳಲ್ಲಿ ಹೊಸ ಕರುಳು ಬೆಳೆಯುತ್ತದೆ. ಅದರಲ್ಲಿ ಬ್ಯಾಕ್ಟೀರಿಯಗಳ ಸಮುದಾಯವೂ ಹೊಸದಾಗಿ ನೆಲೆಗೊಳ್ಳುತ್ತದೆ. ಅತಿಯಾದ ಬೇಟೆಯಿಂದ ಇವುಗಳ ಸಂಖ್ಯೆ ಕುಸಿದುದರಿಂದ 2001ರಲ್ಲಿ ಭಾರತ ಸರ್ಕಾರವು ಕಡಲ ಸೌತೆಗಳನ್ನು ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಗೆ ಒಳಪಡಿಸಿತು.

ಇನ್ನೊಂದು ಉದಾಹರಣೆ ನಮ್ಮ ಮನೆಗಳಲ್ಲೇ ಇದೆ. ಬಾಗಿಲಿನ ಚೌಕಟ್ಟನ್ನು ತಿಂದು ಹಾಕುವ ಗೆದ್ದಲು, ಮರದ ಗಟ್ಟಿ ನಾರನ್ನು ತಾನೊಬ್ಬನೇ ಸಮರ್ಥವಾಗಿ ಜೀರ್ಣಿಸಿಕೊಳ್ಳಲಾರದು. ಅದರ ಕರುಳಿನಲ್ಲಿರುವ ಏಕಕೋಶ ಜೀವಿಗಳು ಹಾಗೂ ಬ್ಯಾಕ್ಟೀರಿಯಗಳು ಆ ನಾರನ್ನು ಒಡೆದು ಪೋಷಕಾಂಶವಾಗಿ ಮಾರ್ಪಡಿಸುತ್ತವೆ. ನಮ್ಮ ಬಯಲುಗಳಲ್ಲಿ ಹುತ್ತ ಕಟ್ಟುವ ಗೆದ್ದಲುಗಳಲ್ಲಿ ಹಲವು ಇದರ ಜೊತೆಗೆ ಗೂಡಿನೊಳಗೆ ಶಿಲೀಂಧ್ರವನ್ನೂ ಬೆಳೆಸುತ್ತವೆ. ಇಲ್ಲಿ ಆಶ್ರಯದಾತನಿಗೂ ಆಶ್ರಿತನಿಗೂ ಲಾಭವಿದೆ.

ಆದರೆ ಎಲ್ಲ ನಿವಾಸಿಗಳೂ ಹೀಗಿರುವುದಿಲ್ಲ. ಚಿಗಟದ ಜಠರವನ್ನು ಸೇರುವ ಪ್ಲೇಗ್ ಬ್ಯಾಕ್ಟೀರಿಯವು ಆ ಚಿಗಟಕ್ಕೂ ಮಾರಕ, ಇಲಿಗೂ ಮಾರಕ, ಮನುಷ್ಯನಿಗೂ ಮಾರಕ.

ಮಾಂಡವಿಯಲ್ಲಿ ಕಾಣಿಸಿಕೊಂಡ ರೋಗ

ಮುಂಬಯಿಯ ಬಂದರಿಗೆ ಹೊಂದಿಕೊಂಡಿರುವ ಮಾಂಡವಿಯು ಅಂದಿನ ದಿನಗಳಲ್ಲಿ ಧಾನ್ಯದ ಉಗ್ರಾಣಗಳು ಹಾಗೂ ಕಿಕ್ಕಿರಿದ ವಸತಿಗಳಿಂದ ಕೂಡಿದ ಪ್ರದೇಶವಾಗಿತ್ತು. 1896ರ ಸೆಪ್ಟೆಂಬರ್ ತಿಂಗಳಲ್ಲಿ ಅಲ್ಲಿ ವೈದ್ಯವೃತ್ತಿ ನಡೆಸುತ್ತಿದ್ದ ಡಾ. ಅಕಾಸಿಯೊ ಗೇಬ್ರಿಯಲ್ ವಿಯೇಗಸ್ ಅವರು ತೀವ್ರ ಜ್ವರ ಹಾಗೂ ತೊಡೆಸಂದಿಯ ಗಡ್ಡೆಗಳಿಂದ ನರಳುತ್ತಿದ್ದ ರೋಗಿಗಳನ್ನು ಕಂಡು, ಇದು ಪ್ಲೇಗ್ ಎಂದು ಗುರುತಿಸಿ ಅಧಿಕಾರಿಗಳ ಗಮನಕ್ಕೆ ತಂದರು. ಎರಡು ವರ್ಷಗಳ ಹಿಂದೆಯಷ್ಟೇ, 1894ರಲ್ಲಿ, ಹಾಂಗ್‌ಕಾಂಗ್‌ನಲ್ಲಿ ಪ್ಲೇಗ್ ಹಬ್ಬಿದಾಗ ಅಲೆಕ್ಸಾಂಡ್ರ್ ಯೆರ್ಸಿನ್ ಎಂಬ ವಿಜ್ಞಾನಿಯು ರೋಗಕಾರಕ ಬ್ಯಾಕ್ಟೀರಿಯವನ್ನು ಪತ್ತೆಹಚ್ಚಿದ್ದರು. ಅವರ ಹೆಸರಿನಿಂದಲೇ ಅದನ್ನು ಇಂದು ‘ಯೆರ್ಸಿನಿಯ ಪೆಸ್ಟಿಸ್’ ಎಂದು ಕರೆಯಲಾಗುತ್ತಿದೆ. ರೋಗಾಣುವೇನೋ ತಿಳಿದಿತ್ತು, ಅದು ಒಬ್ಬರಿಂದ ಇನ್ನೊಬ್ಬರಿಗೆ ಹೇಗೆ ಸಾಗುತ್ತದೆಂಬುದು ತಿಳಿದಿರಲಿಲ್ಲ.

ಈ ಅಜ್ಞಾನದ ಬೆಲೆಯನ್ನು ತೆತ್ತವರು ನಗರದ ಜನಸಾಮಾನ್ಯರು. ರೋಗವು ಕೊಳೆಯಿಂದ, ಕೆಟ್ಟ ಗಾಳಿಯಿಂದ, ಒದ್ದೆ ನೆಲದಿಂದ ಹರಡುವುದೆಂಬ ನಂಬಿಕೆ ಬಲವಾಗಿತ್ತು. ಚರಂಡಿಗಳಿಗೆ ಕಡಲ ನೀರನ್ನೂ ಕಾರ್ಬಾಲಿಕ್ ಆಮ್ಲವನ್ನೂ ಹರಿಸಲಾಯಿತು. ಮನೆಗಳಿಗೆ ಸುಣ್ಣ ಬಳಿಯಲಾಯಿತು. ಬಿಸಿಲು ಬೀಳಲೆಂದು ಚಾವಣಿಯ ಹಂಚುಗಳನ್ನು ಕೀಳಲಾಯಿತು. ವಾಸಕ್ಕೆ ಅಯೋಗ್ಯವೆಂದು ಬಾಗಿಲುಗಳ ಮೇಲೆ ಗುರುತು ಬರೆಯಲಾಯಿತು. ರೋಗಿಗಳನ್ನು ಬಲವಂತವಾಗಿ ಆಸ್ಪತ್ರೆಗೂ ಅವರ ಮನೆಯವರನ್ನು ಪ್ರತ್ಯೇಕ ಶಿಬಿರಗಳಿಗೂ ಒಯ್ಯಲಾಯಿತು. 1897ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಸಾಂಕ್ರಾಮಿಕ ರೋಗಗಳ ಕಾಯಿದೆಯು ಈ ಕ್ರಮಗಳಿಗೆ ಕಾನೂನಿನ ಬಲ ಒದಗಿಸಿತು. ಭಯಗೊಂಡ ಜನ ಲಕ್ಷಗಟ್ಟಲೆ ಸಂಖ್ಯೆಯಲ್ಲಿ ನಗರವನ್ನು ತೊರೆದರು. 1896ರ ಅಕ್ಟೋಬರಿನಲ್ಲಿ ಆರ್ಥರ್ ರಸ್ತೆಯ ಆಸ್ಪತ್ರೆಯ ಮೇಲೆ ಗಿರಣಿ ಕಾರ್ಮಿಕರು ದಾಳಿ ಮಾಡಿದರು. ರೋಗದ ಹಾದಿ ತಿಳಿಯದೆ ಕೈಗೊಂಡ ಕ್ರಮಗಳು ಜನರ ವಿಶ್ವಾಸವನ್ನು ಕೆಡಿಸಿದವು. ಇಷ್ಟಾದರೂ ರೋಗ ನಿಲ್ಲಲಿಲ್ಲ. ಏಕೆಂದರೆ ಸುಣ್ಣವಾಗಲಿ, ಆಮ್ಲವಾಗಲಿ ಇಲಿಯ ರೋಮದ ನಡುವೆ ಅಡಗಿದ ಚಿಗಟವನ್ನು ಮುಟ್ಟುತ್ತಿರಲಿಲ್ಲ.

ಕನ್ನಡ ನಾಡಿಗೂ ರೋಗ ಬೇಗನೆ ಬಂದಿತು. ಅಂದು ಬೊಂಬಾಯಿ ಪ್ರಾಂತಕ್ಕೆ ಸೇರಿದ್ದ ಹುಬ್ಬಳ್ಳಿ, ಧಾರವಾಡಗಳಲ್ಲೂ, 1898ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿನಲ್ಲೂ ಪ್ಲೇಗ್ ಕಾಣಿಸಿಕೊಂಡಿತು. ಮನೆಯಲ್ಲಿ ಇಲಿ ಬಿದ್ದಿತೆಂದರೆ ಸಾಮಾನು ಕಟ್ಟಿಕೊಂಡು ಊರ ಹೊರಗಿನ ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇರುವ ಪದ್ಧತಿ ನಮ್ಮ ಹಳ್ಳಿಗಳಲ್ಲಿ ಬೆಳೆದುಬಂದದ್ದು ಆ ಕಾಲದಲ್ಲೇ. ಪ್ರಯೋಗಶಾಲೆಗಳಲ್ಲಿ ಕಾರಣ ಸಿದ್ಧವಾಗುವ ಮೊದಲೇ, ಸತ್ತ ಇಲಿಯೇ ಮುನ್ಸೂಚನೆ ಎಂಬುದನ್ನು ಹಳ್ಳಿಯ ಜನ ಅನುಭವದಿಂದ ಕಂಡುಕೊಂಡಿದ್ದರು ಎಂಬುದು ಗಮನಾರ್ಹ.

ಪರೇಲಿನ ಪ್ರಯೋಗಶಾಲೆ

ಮಹಾಮಾರಿಯನ್ನು ಎದುರಿಸಲು ಸರ್ಕಾರವು ವಾಲ್ಡೆಮಾರ್ ಹಾಫ್‌ಕಿನ್ ಎಂಬ ವಿಜ್ಞಾನಿಯನ್ನು ಮುಂಬಯಿಗೆ ಕರೆಸಿಕೊಂಡಿತು. ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಒದಗಿಸಿದ ಸಣ್ಣ ಸ್ಥಳದಲ್ಲಿ ಕೆಲಸ ಆರಂಭಿಸಿದ ಅವರು ಕೆಲವೇ ತಿಂಗಳುಗಳಲ್ಲಿ ಪ್ಲೇಗ್ ಲಸಿಕೆಯನ್ನು ಸಿದ್ಧಪಡಿಸಿ, 1897ರ ಜನವರಿ 10ರಂದು ಮೊದಲು ತಮ್ಮ ಮೈಗೇ ಚುಚ್ಚಿಸಿಕೊಂಡರು. 1898ರಲ್ಲಿ ಹುಬ್ಬಳ್ಳಿಯೊಂದರಲ್ಲೇ ಮೂವತ್ತು ಸಾವಿರಕ್ಕೂ ಹೆಚ್ಚು ಜನರಿಗೆ ಈ ಲಸಿಕೆಯನ್ನು ಹಾಕಲಾಯಿತು. 1899ರ ಆಗಸ್ಟ್ 10ರಂದು ಪರೇಲಿನ ಹಳೆಯ ರಾಜಭವನದಲ್ಲಿ ಪ್ಲೇಗ್ ಸಂಶೋಧನ ಪ್ರಯೋಗಶಾಲೆಯನ್ನು ಉದ್ಘಾಟಿಸಲಾಯಿತು. 1925ರಲ್ಲಿ ಅದಕ್ಕೆ ಹಾಫ್‌ಕಿನ್ ಸಂಸ್ಥೆ ಎಂಬ ಹೆಸರನ್ನು ಇಡಲಾಯಿತು. ಲಸಿಕೆಯಿಂದ ಅನೇಕರ ಪ್ರಾಣ ಉಳಿಯಿತಾದರೂ ರೋಗ ಬರುವ ದಾರಿ ಇನ್ನೂ ಮುಚ್ಚಿರಲಿಲ್ಲ.

ಆ ದಾರಿಯನ್ನು ಮೊದಲು ಊಹಿಸಿದವರಲ್ಲಿ ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೊಂಡ್ ಪ್ರಮುಖರು. ಮುಂಬಯಿಯಲ್ಲೂ ಕೆಲಸ ಮಾಡಿದ್ದ ಅವರು 1898ರಲ್ಲಿ ಕರಾಚಿಯಲ್ಲಿ ಒಂದು ಸರಳ ಪ್ರಯೋಗ ನಡೆಸಿದರು. ರೋಗದಿಂದ ಸಾಯುತ್ತಿದ್ದ, ಚಿಗಟಗಳಿದ್ದ ಇಲಿಯನ್ನು ದೊಡ್ಡ ಗಾಜಿನ ಜಾಡಿಯಲ್ಲಿಟ್ಟು, ಅದರೊಳಗೆ ಜಾಲರಿಯ ಪಂಜರದಲ್ಲಿ ಆರೋಗ್ಯವಂತ ಇಲಿಯೊಂದನ್ನು ಇರಿಸಿದರು. ಒಂದಕ್ಕೊಂದು ತಾಗುವ ಅವಕಾಶವಿರಲಿಲ್ಲ. ಆದರೂ ಎರಡನೆಯ ಇಲಿ ಪ್ಲೇಗಿನಿಂದ ಸತ್ತಿತು. ಆ ಹೊತ್ತಿಗೆ ಈ ಮಾತನ್ನು ಒಪ್ಪಿದವರು ಕಡಿಮೆ.

ಮುಂಬಯಿಯ ವೈದ್ಯಾಧಿಕಾರಿ ಗ್ಲೆನ್ ಲಿಸ್ಟನ್ ಈ ಎಳೆಯನ್ನು ಮುಂದುವರಿಸಿದರು. ಇಲಿಗಳು ಸತ್ತುಬಿದ್ದ ಮನೆಗಳ ನಿವಾಸಿಗಳ ಮೈಮೇಲೆ ಸಿಕ್ಕ ಚಿಗಟಗಳನ್ನು ಅವರು ಪರೀಕ್ಷಿಸಿದಾಗ ಅವುಗಳಲ್ಲಿ ಗಣನೀಯ ಭಾಗ ಮನುಷ್ಯ ಚಿಗಟಗಳಲ್ಲ, ಇಲಿ ಚಿಗಟಗಳು ಎಂದು ತಿಳಿದುಬಂದಿತು. ತಮ್ಮ ಆಸರೆಯಾದ ಇಲಿಗಳು ಸತ್ತ ಮೇಲೆ ಹಸಿದ ಚಿಗಟಗಳು ಗತ್ಯಂತರವಿಲ್ಲದೆ ಮನುಷ್ಯರ ಕಡೆಗೆ ತಿರುಗುತ್ತಿದ್ದವು. ಈ ವಿಚಾರವನ್ನು ಅವರು 1904ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸದಸ್ಯರ ಮುಂದೆ ಮಂಡಿಸಿದರು. ಮರುವರ್ಷ ಆ ಸಂಸ್ಥೆಯ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು.

1905ರಲ್ಲಿ ಪರೇಲಿನಲ್ಲಿ ಪ್ಲೇಗ್ ಸಂಶೋಧನ ಆಯೋಗವು ಕೆಲಸ ಆರಂಭಿಸಿತು. ಲಂಡನ್ನಿನ ಲಿಸ್ಟರ್ ಸಂಸ್ಥೆಯ ಮುಖ್ಯಸ್ಥ ಚಾರ್ಲ್ಸ್ ಮಾರ್ಟಿನ್ ಇದರಲ್ಲಿ ಪಾಲ್ಗೊಂಡರು. ಆಯೋಗವು ಮನೆಗಳ ಮಾದರಿಯ ಚಿಕ್ಕ ಕೋಣೆಗಳನ್ನು ಕಟ್ಟಿಸಿ, ಅವುಗಳಲ್ಲಿ ಗಿನಿಪಿಗ್‌ಗಳನ್ನು ಇರಿಸಿತು. ಚಿಗಟಗಳಿಲ್ಲದ ಕೋಣೆಯಲ್ಲಿ ರೋಗಪೀಡಿತ ಪ್ರಾಣಿಗಳೊಡನೆ ಒಟ್ಟಿಗೆ ಇದ್ದರೂ ಆರೋಗ್ಯವಂತ ಪ್ರಾಣಿಗಳಿಗೆ ರೋಗ ತಗಲಲಿಲ್ಲ. ಚಿಗಟಗಳಿದ್ದ ಕೋಣೆಯಲ್ಲಿ ರೋಗ ಹಬ್ಬಿತು. ನೆಲದಿಂದ 2 ಅಂಗುಲ ಎತ್ತರದ ಪಂಜರದಲ್ಲಿದ್ದ ಪ್ರಾಣಿಗಳು ರೋಗಕ್ಕೆ ತುತ್ತಾದವು. 2 ಅಡಿ ಎತ್ತರದಲ್ಲಿ ತೂಗುಹಾಕಿದ ಪಂಜರದಲ್ಲಿದ್ದವು ಉಳಿದವು. ಇಲಿ ಚಿಗಟವು ಕೆಲವು ಅಂಗುಲಗಳಿಗಿಂತ ಹೆಚ್ಚು ಎತ್ತರಕ್ಕೆ ನೆಗೆಯಲಾರದು. ಗಾಳಿಯೇ ಕಾರಣವಾಗಿದ್ದರೆ ಎರಡು ಅಡಿಯ ಅಂತರದಿಂದ ಇಷ್ಟು ವ್ಯತ್ಯಾಸ ಉಂಟಾಗಲು ಸಾಧ್ಯವಿರಲಿಲ್ಲ. ಗಾಳಿಯ ವಾದ, ನೆಲದ ವಾದಗಳೆರಡೂ ಹೀಗೆ ಬಿದ್ದುಹೋದವು.

ನಗರದಲ್ಲಿ ಇಲಿಗಳನ್ನು ಹಿಡಿದು ಪರೀಕ್ಷಿಸಿದಾಗ ಮತ್ತೊಂದು ಕ್ರಮ ಬೆಳಕಿಗೆ ಬಂದಿತು. ರೋಗವು ಮೊದಲು ಚರಂಡಿಯ ಹೆಗ್ಗಣಗಳಲ್ಲಿ, ಬಳಿಕ ಮನೆಯ ಇಲಿಗಳಲ್ಲಿ, ಅದಾದ ಕೆಲವು ದಿನಗಳಲ್ಲಿ ಮನುಷ್ಯರಲ್ಲಿ ಏರುತ್ತಿತ್ತು. ಒಂದರ ಹಿಂದೆ ಒಂದು ಅಲೆಯಂತೆ ಬರುತ್ತಿದ್ದ ಈ ಏರಿಳಿತದ ಅಂಕಿಅಂಶಗಳು ಮುಂದೆ ಜಗತ್ತಿನಾದ್ಯಂತ ಪ್ರಸಿದ್ಧವಾದವು. 1905ರ ಡಿಸೆಂಬರಿನಿಂದ 1906ರ ಜುಲೈವರೆಗಿನ ಮುಂಬಯಿಯ ಪ್ಲೇಗ್ ಮರಣಗಳ ರೇಖೆಯನ್ನೇ ಉದಾಹರಣೆಯಾಗಿ ಬಳಸಿಕೊಂಡು ಕೆರ್ಮ್ಯಾಕ್ ಮತ್ತು ಮೆಕೆಂಡ್ರಿಕ್ ಎಂಬ ವಿದ್ವಾಂಸರು 1927ರಲ್ಲಿ ಸಾಂಕ್ರಾಮಿಕ ರೋಗಗಳ ಗಣಿತ ಸೂತ್ರವನ್ನು ಮಂಡಿಸಿದರು. ಇತ್ತೀಚಿನ ಕೋವಿಡ್ ಸಂದರ್ಭದಲ್ಲಿ ಬಳಸಲಾದ ಅನೇಕ ಲೆಕ್ಕಾಚಾರಗಳ ಮೂಲ ಅಲ್ಲಿದೆ.

ಜಠರದ ಬಾಗಿಲಿನಲ್ಲಿ ನಡೆಯುವುದೇನು?

ಚಿಗಟವೇ ವಾಹಕವೆಂಬುದು ಸಿದ್ಧವಾಯಿತು. ಆದರೆ ರಕ್ತ ಹೀರುವ ಕೀಟವು ರೋಗಾಣುವನ್ನು ಒಳಗೆ ಸೆಳೆದುಕೊಳ್ಳುವುದು ಸಹಜ; ಅದನ್ನು ಮರಳಿ ಹೊರಗೆ ಕಳುಹಿಸುವುದು ಹೇಗೆ? ಈ ಪ್ರಶ್ನೆಗೆ ಉತ್ತರವನ್ನು 1914ರಲ್ಲಿ ಆರ್ಥರ್ ಬೇಕಟ್ ಹಾಗೂ ಚಾರ್ಲ್ಸ್ ಮಾರ್ಟಿನ್ ಲಂಡನ್ನಿನಲ್ಲಿ ಕಂಡುಕೊಂಡರು. ಬೇಕಟ್ ಅವರು ವೃತ್ತಿಯಲ್ಲಿ ಗುಮಾಸ್ತರಾಗಿದ್ದು, ಬಿಡುವಿನಲ್ಲಿ ಕೀಟಗಳನ್ನು ಅಧ್ಯಯನ ಮಾಡುತ್ತ ವಿಜ್ಞಾನಿಯಾದವರು. 1922ರಲ್ಲಿ ಕೈರೊ ನಗರದಲ್ಲಿ ಹೇನುಗಳಿಂದ ಹರಡುವ ಟೈಫಸ್ ಜ್ವರದ ಸಂಶೋಧನೆಯಲ್ಲಿ ತೊಡಗಿದ್ದಾಗ ಅದೇ ರೋಗಕ್ಕೆ ಬಲಿಯಾದರು.

ಚಿಗಟದ ಅನ್ನನಾಳಕ್ಕೂ ಜಠರಕ್ಕೂ ನಡುವೆ ಒಂದು ಕವಾಟವಿದೆ. ಅದರ ಒಳಗೋಡೆಯಲ್ಲಿ ಸೂಕ್ಷ್ಮ ಮುಳ್ಳುಗಳ ಸಾಲುಗಳಿವೆ. ರಕ್ತ ಒಳಗೆ ಹೋಗುವಾಗ ಕವಾಟ ತೆರೆದುಕೊಂಡು, ಹೋದ ಮೇಲೆ ಮುಚ್ಚಿಕೊಂಡು, ರಕ್ತ ಹಿಂದಕ್ಕೆ ಹರಿಯದಂತೆ ತಡೆಯುತ್ತದೆ. ಪ್ಲೇಗ್ ತಗಲಿದ ಇಲಿಯ ರಕ್ತದೊಡನೆ ಒಳಬಂದ ಬ್ಯಾಕ್ಟೀರಿಯಗಳು ಈ ಮುಳ್ಳುಗಳಿಗೆ ಅಂಟಿಕೊಂಡು, ತಮ್ಮ ಸುತ್ತ ಲೋಳೆಯಂತಹ ಪೊರೆಯನ್ನು ಹೆಣೆದುಕೊಂಡು ವೃದ್ಧಿಯಾಗುತ್ತವೆ. ದಿನಗಳು ಕಳೆದಂತೆ ಆ ಮುದ್ದೆಯು ಕವಾಟವನ್ನು ಪೂರ್ತಿಯಾಗಿ ಮುಚ್ಚಿಬಿಡುತ್ತದೆ. ಆಗ ಚಿಗಟವು ಎಷ್ಟೇ ರಕ್ತ ಹೀರಿದರೂ ಅದು ಜಠರವನ್ನು ಮುಟ್ಟುವುದಿಲ್ಲ. ಹೀರಿದ ರಕ್ತವು ಮುದ್ದೆಗೆ ತಾಗಿ, ಅದರಿಂದ ಬಿಡಿಸಿಕೊಂಡ ಬ್ಯಾಕ್ಟೀರಿಯಗಳೊಡನೆ ಹಿಂದಕ್ಕೆ ಹರಿದು, ಕಚ್ಚಿದ ಗಾಯದೊಳಗೆ ಸೇರುತ್ತದೆ.

ಹೊಟ್ಟೆ ತುಂಬದ ಚಿಗಟವು ಹಸಿವಿನಿಂದ ಕಂಗಾಲಾಗಿ ಮತ್ತೆ ಮತ್ತೆ ಕಚ್ಚುತ್ತದೆ. ಪ್ರತಿ ಕಡಿತದಲ್ಲೂ ರೋಗಾಣುಗಳನ್ನು ಚುಚ್ಚುತ್ತದೆ. ಕೊನೆಗೆ ಅದೂ ಉಪವಾಸದಿಂದ ಸಾಯುತ್ತದೆ. ಬ್ಯಾಕ್ಟೀರಿಯದ ದೃಷ್ಟಿಯಿಂದ ನೋಡಿದರೆ ಇದು ಒಂದು ಆಶ್ರಯದಿಂದ ಇನ್ನೊಂದು ಆಶ್ರಯಕ್ಕೆ ದಾಟುವ ಸಾಧನ. ಕವಾಟ ಪೂರ್ತಿಯಾಗಿ ಮುಚ್ಚುವ ಮುನ್ನವೂ, ರೋಗಪೀಡಿತ ರಕ್ತ ಹೀರಿದ ಮೊದಲ ದಿನಗಳಲ್ಲೇ, ಚಿಗಟವು ಸ್ವಲ್ಪ ಮಟ್ಟಿಗೆ ರೋಗ ಹರಡಬಲ್ಲದು ಎಂಬುದು ಈ ಶತಮಾನದ ಸಂಶೋಧನೆಗಳಿಂದ ತಿಳಿದುಬಂದಿದೆ.

ಋತುವಿನ ಹಾಗೂ ಪ್ರಭೇದದ ಪ್ರಭಾವ

ಮುಂಬಯಿಯಲ್ಲಿ ಪ್ಲೇಗ್ ಪ್ರತಿವರ್ಷ ಚಳಿಗಾಲದಲ್ಲಿ ಏರತೊಡಗಿ, ಮಾರ್ಚ್ ತಿಂಗಳ ಸುಮಾರಿಗೆ ಶಿಖರ ಮುಟ್ಟಿ, ಬೇಸಿಗೆಯ ಕೊನೆಗೂ ಮಳೆಗಾಲದ ಆರಂಭಕ್ಕೂ ಇಳಿದುಹೋಗುತ್ತಿತ್ತು. ಅಂದಿನ ಜನರಿಗೆ ಇದು ಒಗಟಾಗಿತ್ತು. ಇದಕ್ಕೆ ಹಲವು ಕಾರಣಗಳಿದ್ದರೂ ಮುಖ್ಯವಾದ ಒಂದು ಕಾರಣ ಚಿಗಟದ ಜಠರದಲ್ಲೇ ಇದೆ. ಬ್ಯಾಕ್ಟೀರಿಯಗಳು ಲೋಳೆಯ ಪೊರೆಯನ್ನು ತಂಪಾದ ವಾತಾವರಣದಲ್ಲಿ ಚೆನ್ನಾಗಿ ಹೆಣೆಯುತ್ತವೆ. ತಾಪಮಾನ ಸುಮಾರು 28 ಡಿಗ್ರಿ ಸೆಲ್ಷಿಯಸ್ ದಾಟಿದರೆ ಆ ಮುದ್ದೆ ಗಟ್ಟಿಯಾಗಿ ನಿಲ್ಲುವುದಿಲ್ಲ. ಕವಾಟ ಮತ್ತೆ ತೆರೆದುಕೊಳ್ಳುತ್ತದೆ. ಚಿಗಟದ ಮೈಗೆ ತನ್ನದೇ ಆದ ಬಿಸುಪಿಲ್ಲದಿರುವುದರಿಂದ ಹೊರಗಿನ ಹವೆಯೇ ಅದರ ಜಠರದ ಹವೆ. ಬೇಸಿಗೆಯ ಸೆಖೆಯಲ್ಲಿ ಆ ಪುಟ್ಟ ಕವಾಟ ತೆರವಾಗುವುದಕ್ಕೂ ಮಹಾನಗರದ ಸ್ಮಶಾನಗಳಲ್ಲಿ ಸಂದಣಿ ಕಡಿಮೆಯಾಗುವುದಕ್ಕೂ ಹೀಗೆ ಸಂಬಂಧವಿತ್ತು.

ಎಲ್ಲ ಚಿಗಟಗಳ ಜಠರವೂ ಒಂದೇ ಬಗೆಯಲ್ಲ. ಮುಂಬಯಿಯ ಇಲಿಗಳ ಮೈಮೇಲೆ ‘ಝೆನಾಪ್ಸಿಲ್ಲ ಕಿಯಾಪಿಸ್’ ಎಂಬ ಚಿಗಟವು ಹೇರಳವಾಗಿತ್ತು. ಇದರ ಕವಾಟ ಸುಲಭವಾಗಿ ಮುಚ್ಚಿಹೋಗುತ್ತದೆ. ಮದ್ರಾಸ್ ಹಾಗೂ ಕೊಲಂಬೊ ನಗರಗಳಲ್ಲಿ ಇದಕ್ಕೆ ಬಹಳ ಹತ್ತಿರದ ಸಂಬಂಧಿಯಾದ ‘ಝೆನಾಪ್ಸಿಲ್ಲ ಆಸ್ಟಿಯ’ ಎಂಬ ಪ್ರಭೇದ ಹೆಚ್ಚಾಗಿತ್ತು. ಅದು ಅಷ್ಟು ಸಮರ್ಥ ವಾಹಕವಲ್ಲವೆಂದು ಕೊಲಂಬೊದಲ್ಲಿ ಸೇವೆಯಲ್ಲಿದ್ದ ಫೇಬಿಯನ್ ಹರ್ಸ್ಟ್ ತೋರಿಸಿಕೊಟ್ಟರು. ಇಲಿಗಳೂ ಕೊಳೆಯೂ ಎಲ್ಲ ಬಂದರುಗಳಲ್ಲಿ ಇದ್ದರೂ ಮದ್ರಾಸ್ ನಗರವು ಮುಂಬಯಿಯಷ್ಟು ನರಳದಿರಲು ಇದು ಒಂದು ಕಾರಣ.

ಬ್ಯಾಕ್ಟೀರಿಯವು ಚಿಗಟದ ಜಠರವನ್ನು ಹೊಕ್ಕ ಬಗೆ

ಪ್ಲೇಗ್ ಬ್ಯಾಕ್ಟೀರಿಯವು ಹುಟ್ಟಿನಿಂದಲೇ ಇಷ್ಟು ಭೀಕರವಾಗಿರಲಿಲ್ಲ. ಅದರ ಪೂರ್ವಜ ಮಣ್ಣು, ನೀರು ಹಾಗೂ ಆಹಾರದ ಮೂಲಕ ಪ್ರಾಣಿಗಳ ಕರುಳನ್ನು ಸೇರಿ, ಸಾಮಾನ್ಯವಾಗಿ ಹೊಟ್ಟೆನೋವು, ಜ್ವರಗಳನ್ನು ಉಂಟುಮಾಡುವ ಇನ್ನೊಂದು ಯೆರ್ಸಿನಿಯ. ಕೆಲವು ಸಾವಿರ ವರ್ಷಗಳ ಹಿಂದೆ ಅದರ ಒಂದು ಕವಲಿನಲ್ಲಿ ಬೆರಳೆಣಿಕೆಯ ಬದಲಾವಣೆಗಳಾದವು. ಚಿಗಟದ ಜಠರದಲ್ಲಿ ರಕ್ತ ಜೀರ್ಣವಾಗುವಾಗ ಉಂಟಾಗುವ ಹಾನಿಕರ ವಸ್ತುಗಳಿಂದ ಬ್ಯಾಕ್ಟೀರಿಯವನ್ನು ಕಾಪಾಡುವ ಕಿಣ್ವವೊಂದರ ಜೀನು ಅದಕ್ಕೆ ಹೊರಗಿನಿಂದ ದೊರಕಿತು. ಲೋಳೆಯ ಪೊರೆ ಹೆಣೆಯುವುದನ್ನು ತಡೆಹಿಡಿಯುತ್ತಿದ್ದ ಕೆಲವು ಜೀನುಗಳು ಕೆಟ್ಟು ನಿಂತವು. ಪಡೆದುದು ಸ್ವಲ್ಪ, ಕಳೆದುಕೊಂಡದ್ದು ಸ್ವಲ್ಪ. ಇವೆರಡೂ ಸೇರಿ, ಕರುಳಿನ ಸಾಧಾರಣ ರೋಗಾಣುವೊಂದು ಚಿಗಟದ ಮೇಲೇರಿ ಸಂಚರಿಸುವ ಮಹಾಮಾರಿಯಾಯಿತು. 1896ರ ಬಳಿಕದ ಕೆಲವು ದಶಕಗಳಲ್ಲಿ ಭಾರತದಲ್ಲಿ 1 ಕೋಟಿಗೂ ಹೆಚ್ಚು ಜನ ಪ್ಲೇಗಿಗೆ ಬಲಿಯಾದರು.

ಈ ರೋಗವು ಮುಂಬಯಿಯ ರೂಪವನ್ನೇ ಬದಲಿಸಿತು. 1898ರಲ್ಲಿ ಸ್ಥಾಪನೆಯಾದ ನಗರ ಸುಧಾರಣಾ ಟ್ರಸ್ಟ್ ಕಿಕ್ಕಿರಿದ ಕೇರಿಗಳ ನಡುವೆ ಅಗಲವಾದ ರಸ್ತೆಗಳನ್ನು ತೆರೆಯಿತು. ಉತ್ತರದಲ್ಲಿ ದಾದರ್, ಮಾಟುಂಗಾ ಮೊದಲಾದ ಯೋಜಿತ ಉಪನಗರಗಳನ್ನು ರೂಪಿಸಿತು. ಇಂದು ಮೈಸೂರು ಅಸೋಸಿಯೇಷನ್ನಿನಂತಹ ಕನ್ನಡ ಸಂಸ್ಥೆಗಳಿಗೆ ನೆಲೆಯಾಗಿರುವ ಮಾಟುಂಗಾದ ವಿಶಾಲ ಬೀದಿಗಳ ಹಿಂದೆ ಪ್ಲೇಗಿನ ನೆನಪಿದೆ. ಗಾಳಿ ಬೆಳಕಿಗಾಗಿ ಮಾಡಿದ ಈ ಕೆಲಸ ಒಳ್ಳೆಯದೇ ಆಗಿತ್ತು. ಆದರೆ ಮನೆ ಕಳೆದುಕೊಂಡ ಬಡವರಲ್ಲಿ ಅನೇಕರಿಗೆ ಹೊಸ ಬಡಾವಣೆಗಳ ಬಾಡಿಗೆ ಎಟುಕಲಿಲ್ಲ. ಅವರು ಪಕ್ಕದ ಕೇರಿಗಳಲ್ಲೇ ಇನ್ನಷ್ಟು ಒತ್ತಾಗಿ ನೆಲೆಸಬೇಕಾಯಿತು.

ಇಂದಿನ ಸ್ಥಿತಿ

ಕೀಟನಾಶಕಗಳು ಹಾಗೂ ಜೀವನಿರೋಧಕ ಔಷಧಿಗಳು ಬಂದ ಮೇಲೆ ಪ್ಲೇಗ್ ಹಿಮ್ಮೆಟ್ಟಿತು. ಆದರೆ ಅಳಿದುಹೋಗಲಿಲ್ಲ. 1966ರಲ್ಲಿ ಕರ್ನಾಟಕದಲ್ಲಿ ವರದಿಯಾದ ಬಳಿಕ ದೀರ್ಘಕಾಲ ದೇಶದಲ್ಲಿ ಮನುಷ್ಯರಲ್ಲಿ ರೋಗ ಖಚಿತಪಟ್ಟಿರಲಿಲ್ಲ. 1994ರಲ್ಲಿ ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲೂ ಗುಜರಾತಿನ ಸೂರತ್ ನಗರದಲ್ಲೂ ಅದು ಮತ್ತೆ ಕಾಣಿಸಿಕೊಂಡಿತು. 2002ರಲ್ಲಿ ಹಿಮಾಚಲ ಪ್ರದೇಶದಲ್ಲಿ, 2004ರಲ್ಲಿ ಉತ್ತರಕಾಶಿ ಜಿಲ್ಲೆಯಲ್ಲಿ ಸಣ್ಣ ಪ್ರಮಾಣದಲ್ಲಿ ತಲೆದೋರಿತು. ಕಾಡು ಹಾಗೂ ಬಯಲಿನ ದಂಶಕ ಪ್ರಾಣಿಗಳಲ್ಲಿ, ಅವುಗಳ ಚಿಗಟಗಳಲ್ಲಿ ರೋಗಾಣು ಸದ್ದಿಲ್ಲದೆ ಉಳಿದುಕೊಳ್ಳಬಲ್ಲದು. ಕರ್ನಾಟಕ, ಆಂಧ್ರಪ್ರದೇಶ, ತಮಿಳುನಾಡುಗಳು ಕೂಡುವ ಕೋಲಾರದ ಸುತ್ತಲಿನ ಪ್ರದೇಶವನ್ನು ಇಂತಹ ಒಂದು ನೆಲೆಯೆಂದು ಪರಿಗಣಿಸಿ ಅಲ್ಲಿನ ಇಲಿ, ಚಿಗಟಗಳ ಮೇಲೆ ನಿಗಾ ಇರಿಸಲಾಗಿದೆ.

ಚಿಗಟದಿಂದ ಕಲಿತ ಪಾಠ ಬೇರೆ ರೋಗಗಳಿಗೂ ಅನ್ವಯಿಸುತ್ತದೆ. 1897ರ ಆಗಸ್ಟ್ 20ರಂದು, ಮುಂಬಯಿ ಇನ್ನೂ ಪ್ಲೇಗಿನ ಭಯದಲ್ಲಿದ್ದಾಗ, ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಜಠರದ ಗೋಡೆಯಲ್ಲಿ ಮಲೇರಿಯದ ಪರೋಪಜೀವಿಯನ್ನು ಕಂಡರು. ಸೊಳ್ಳೆಯ ಜಠರದಲ್ಲಿರುವ ಕೆಲವು ಬ್ಯಾಕ್ಟೀರಿಯಗಳು ಆ ಪರೋಪಜೀವಿಯ ಬೆಳವಣಿಗೆಯನ್ನು ತಡೆಯುತ್ತವೆಂಬುದು ಈಗ ಗೊತ್ತಾಗಿದೆ. ಡೆಲ್ಫ್‌ಟಿಯ ಎಂಬ ಬ್ಯಾಕ್ಟೀರಿಯದ ಒಂದು ತಳಿಯು ಸ್ರವಿಸುವ ವಸ್ತುವಿಗೆ ಈ ಗುಣವಿದೆಯೆಂದು 2023ರಲ್ಲಿ ವಿಜ್ಞಾನಿಗಳು ಪ್ರಕಟಿಸಿದ್ದಾರೆ. ಒಂದು ಕೀಟದ ಜಠರದಲ್ಲಿ ರೋಗವನ್ನು ಹರಡುವ ಬ್ಯಾಕ್ಟೀರಿಯವಿದ್ದರೆ, ಇನ್ನೊಂದರ ಜಠರದಲ್ಲಿ ರೋಗವನ್ನು ತಡೆಯುವ ಬ್ಯಾಕ್ಟೀರಿಯವಿದೆ.

ನಾಗರಿಕರು ಅರಿಯಬೇಕಾದುದು

ಮುಂಬಯಿಯ ಅನುಭವದಿಂದ ಪ್ರತಿಯೊಬ್ಬರೂ ನೆನಪಿಡಬೇಕಾದ ಕೆಲವು ಸಂಗತಿಗಳಿವೆ. ಮೊದಲನೆಯದಾಗಿ, ಒಂದೇ ಸ್ಥಳದಲ್ಲಿ ಹಲವು ಇಲಿಗಳು ಕಾರಣವಿಲ್ಲದೆ ಸತ್ತುಬಿದ್ದರೆ ಅದನ್ನು ಉಪೇಕ್ಷಿಸಬಾರದು. ಅವುಗಳನ್ನು ಬರಿಗೈಯಿಂದ ಮುಟ್ಟದೆ ಸ್ಥಳೀಯ ಆರೋಗ್ಯಾಧಿಕಾರಿಗಳಿಗೆ ಕೂಡಲೇ ತಿಳಿಸಬೇಕು. ಎರಡನೆಯದಾಗಿ, ಪ್ಲೇಗಿನ ಶಂಕೆಯಿರುವ ಕಡೆಯಲ್ಲಿ ಇಲಿಗಳನ್ನು ಕೊಲ್ಲಲು ಆತುರಪಡಬಾರದು. ಮೊದಲು ಕೀಟನಾಶಕದಿಂದ ಚಿಗಟಗಳನ್ನು ನಾಶಪಡಿಸಿ, ಅನಂತರವೇ ಇಲಿಗಳ ಕಡೆಗೆ ತಿರುಗಬೇಕು. ಇಲ್ಲವಾದರೆ ಆಸರೆ ಕಳೆದುಕೊಂಡ ಹಸಿದ ಚಿಗಟಗಳು ಮನುಷ್ಯರನ್ನೇ ಹುಡುಕಿಕೊಂಡು ಬರುತ್ತವೆ. ಮೂರನೆಯದಾಗಿ, ತೀವ್ರ ಜ್ವರದೊಡನೆ ತೊಡೆಸಂದು ಅಥವಾ ಕಂಕುಳಲ್ಲಿ ನೋವಿನ ಗಡ್ಡೆ ಕಾಣಿಸಿಕೊಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಆರಂಭದಲ್ಲೇ ಚಿಕಿತ್ಸೆ ದೊರೆತರೆ ಪ್ಲೇಗ್ ಗುಣವಾಗುವ ರೋಗ. ನಾಲ್ಕನೆಯದಾಗಿ, ಧಾನ್ಯವನ್ನು ಮುಚ್ಚಿದ ಡಬ್ಬಗಳಲ್ಲಿ ಇಡುವುದು, ಕಸವನ್ನು ಅಂಗಳದಲ್ಲಿ ಉಳಿಯಗೊಡದಿರುವುದು, ಗೋಡೆಯ ಬಿಲಗಳನ್ನು ಮುಚ್ಚುವುದು ಇವು ಎಲ್ಲ ಕಾಲಕ್ಕೂ ಸಲ್ಲುವ ಕ್ರಮಗಳು. ಇಲಿಗಳಿಂದ ಹರಡುವ ಇಲಿಜ್ವರದಂತಹ ಬೇರೆ ರೋಗಗಳಿಂದಲೂ ಇವು ನಮ್ಮನ್ನು ಕಾಪಾಡುತ್ತವೆ.

ಕಡಲ ಸೌತೆಯ ಕರುಳಿನಲ್ಲಿ ಮರಳನ್ನು ಶುದ್ಧಗೊಳಿಸುವ ಕಾರ್ಯದಲ್ಲಿ ನೆರವಾಗುವ ಬ್ಯಾಕ್ಟೀರಿಯಗಳು, ಗೆದ್ದಲಿನ ಕರುಳಿನಲ್ಲಿ ಮರವನ್ನು ಆಹಾರವಾಗಿಸುವ ಬ್ಯಾಕ್ಟೀರಿಯಗಳು, ಚಿಗಟದ ಕವಾಟದಲ್ಲಿ ಮರಣವನ್ನು ಹೆಣೆಯುವ ಬ್ಯಾಕ್ಟೀರಿಯಗಳು – ಇವೆಲ್ಲವೂ ಒಂದೇ ಸೂಕ್ಷ್ಮ ಲೋಕಕ್ಕೆ ಸೇರಿದವು. ಆ ಲೋಕವನ್ನು ಅರಿಯದಿದ್ದ ದಿನಗಳಲ್ಲಿ ಅಧಿಕಾರಿಗಳು ಮನುಷ್ಯರನ್ನು ಶಂಕಿಸಿ, ಮನೆಗಳನ್ನು ಕೆಡವಿ, ಕುಟುಂಬಗಳನ್ನು ಅಗಲಿಸಿದರು. ಅರಿತ ಬಳಿಕ ಚಿಗಟ ಹಾಗೂ ಇಲಿಗಳ ಮೇಲೆ ಗಮನವಿರಿಸಿದರೆ ಸಾಕಾಯಿತು. ರೋಗದ ಹಾದಿಯನ್ನು ತಾಳ್ಮೆಯಿಂದ ಹುಡುಕುವ ವಿಜ್ಞಾನ, ಅದರ ಮಾತಿಗೆ ಕಿವಿಗೊಡುವ ಆಡಳಿತ, ಎಚ್ಚರದಿಂದಿರುವ ನಾಗರಿಕ ಈ ಮೂವರೂ ಒಂದುಗೂಡಿದಲ್ಲಿ ಮಹಾಮಾರಿಗೆ ಎಡೆಯಿರುವುದಿಲ್ಲ.